ಬೇಡವಾಗಿದ್ದ ಗಿಟಾರಿಗೆ ಮರುಜನ್ಮ

ಹೊಸ ಸ್ಕೂಟರ್ ಮನೆಗೆ ತಂದ ದಿನ ಅದರ ಮೇಲೆ ಒಂದು ಗೀರು ಕಂಡರೂ ನಾವು ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲುತ್ತೇವೆ. ಆದರೆ ಗೀರುಗಳಿಗೆಂದೇ ಹೆಚ್ಚು ಹಣ ತೆರುವ ಗಿರಾಕಿಗಳೂ ಇದ್ದಾರೆ. ಅಮೆರಿಕದ ಗಿಬ್ಸನ್ ಕಂಪನಿಯ ಕೆಲವು ಎಲೆಕ್ಟ್ರಿಕ್ ಗಿಟಾರುಗಳು ಕಾರ್ಖಾನೆಯಿಂದ ಹೊರಬೀಳುವಾಗಲೇ ಬಣ್ಣ ಮಾಸಿ, ಮೆರುಗು ಬಿರುಕುಬಿಟ್ಟು, ಲೋಹದ ಭಾಗಗಳು ಕಳೆಗುಂದಿರುತ್ತವೆ. ಹೀಗೆ ಬೇಕೆಂದೇ ಮುದಿಯಾಗಿಸಿದ ಗಿಟಾರಿಗೆ ಅದೇ ಮಾದರಿಯ ಥಳಥಳಿಸುವ ಗಿಟಾರಿಗಿಂತ ಬೆಲೆ ಜಾಸ್ತಿ. ಇಂಥವುಗಳಲ್ಲಿ ಅತಿ ಹೆಚ್ಚು ಹೆಸರಾದದ್ದು 1959ರ ‘ಲೆಸ್ ಪಾಲ್ ಸ್ಟ್ಯಾಂಡರ್ಡ್’ ಗಿಟಾರಿನ ಮರುಸೃಷ್ಟಿ. ವಿಚಿತ್ರವೆಂದರೆ, ಆ ಮೂಲ ಗಿಟಾರು ತನ್ನ ಕಾಲದಲ್ಲಿ ಸರಿಯಾಗಿ ಮಾರಾಟವಾಗದೆ ಕಂಪನಿಯೇ ಅದನ್ನು ಕೈಬಿಟ್ಟಿತ್ತು.

ಈ ಕಥೆ ಶುರುವಾಗುವುದು ಒಂದು ಮರದ ತುಂಡಿನಿಂದ. ವೀಣೆಯ ಟೊಳ್ಳು ಕೊಡ ತಂತಿಯ ನಾದವನ್ನು ಹಿಗ್ಗಿಸುವಂತೆ, ಸಾಮಾನ್ಯ ಗಿಟಾರಿನಲ್ಲಿ ಟೊಳ್ಳು ಒಡಲು ಆ ಕೆಲಸ ಮಾಡುತ್ತದೆ. ಅಂಥ ಗಿಟಾರಿಗೆ ವಿದ್ಯುತ್ ಜೋಡಿಸಿ ಧ್ವನಿ ಏರಿಸಿದರೆ ಸ್ಪೀಕರಿನ ಸದ್ದಿಗೆ ಒಡಲೇ ಕಂಪಿಸಿ, ಮದುವೆಮನೆಯ ಮೈಕ್ ಕಿರುಚಿದಂತೆ ಕಿರುಚುತ್ತದೆ. 1915ರಲ್ಲಿ ಹುಟ್ಟಿದ ಲೆಸ್ ಪಾಲ್ ಎಂಬ ಅಮೆರಿಕದ ವಾದಕ ಇದಕ್ಕೆ ಪರಿಹಾರ ಹುಡುಕುತ್ತ, 1940ರ ಸುಮಾರಿಗೆ ಗಟ್ಟಿ ಪೈನ್ ದಿಮ್ಮಿಯೊಂದಕ್ಕೆ ತಂತಿ ಬಿಗಿದು ನುಡಿಸಿದರು. ಅದನ್ನು ಗಿಬ್ಸನ್ ಕಂಪನಿಗೆ ತೋರಿಸಿದಾಗ ಅಲ್ಲಿ ಯಾರೂ ಆಸಕ್ತಿ ತೋರಲಿಲ್ಲ. ಆದರೆ 1950ರಲ್ಲಿ ಕ್ಯಾಲಿಫೋರ್ನಿಯಾದ ಲಿಯೊ ಫೆಂಡರ್ ಗಟ್ಟಿ ಒಡಲಿನ ಗಿಟಾರನ್ನು ಮಾರಲು ತೊಡಗಿದ ಮೇಲೆ ಗಿಬ್ಸನ್ ಎಚ್ಚೆತ್ತಿತು. 1952ರಲ್ಲಿ ಚಿನ್ನದ ಬಣ್ಣ ಬಳಿದ ಗಿಟಾರೊಂದು ಲೆಸ್ ಪಾಲ್ ಹೆಸರಿನಲ್ಲೇ ಮಾರುಕಟ್ಟೆಗೆ ಬಂತು. ಅದರ ವಿನ್ಯಾಸದಲ್ಲಿ ಯಾರ ಪಾಲು ಎಷ್ಟು ಎಂಬ ಬಗ್ಗೆ ಲೆಸ್ ಪಾಲ್ ಹೇಳಿದ್ದಕ್ಕೂ ಆಗ ಕಂಪನಿಯ ಅಧ್ಯಕ್ಷರಾಗಿದ್ದ ಟೆಡ್ ಮೆಕಾರ್ಟಿ ಹೇಳಿದ್ದಕ್ಕೂ ತಾಳೆಯಾಗುವುದಿಲ್ಲ.

ಗಟ್ಟಿ ಮರದ ಗಿಟಾರಿನಲ್ಲಿ ತಂತಿಯ ಕಂಪನವನ್ನು ಹಿಡಿಯುವುದು ‘ಪಿಕಪ್’. ಅಯಸ್ಕಾಂತವೊಂದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಅದರ ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ತೊಂದರೆಯೆಂದರೆ, ಈ ಸುರುಳಿ ಸುತ್ತಮುತ್ತಲಿನ ವಿದ್ಯುತ್ ತಂತಿಗಳಿಂದ ಹೊಮ್ಮುವ ಗುಂಯ್ ಎನ್ನುವ ಸದ್ದನ್ನೂ ಹಿಡಿಯುತ್ತದೆ. ಗಿಬ್ಸನ್‌ನ ತಂತ್ರಜ್ಞ ಸೆತ್ ಲವರ್ ಒಂದರ ಬದಲು ಎರಡು ಸುರುಳಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಅವುಗಳ ಸುತ್ತು ಮತ್ತು ಅಯಸ್ಕಾಂತದ ದಿಕ್ಕು ಒಂದಕ್ಕೊಂದು ವಿರುದ್ಧವಾಗಿರುವಂತೆ ಜೋಡಿಸಿದರು. ಇದರಿಂದ ಹೊರಗಿನ ಗುಂಯ್‌ಗುಡುವಿಕೆ ಎರಡೂ ಕಡೆಯಿಂದ ಬಂದು ಪರಸ್ಪರ ವಜಾ ಆಯಿತು. ತಂತಿಯ ನಾದ ಮಾತ್ರ ಕೂಡಿಕೊಂಡು ದಪ್ಪವಾಯಿತು. ‘ಹಂಬಕರ್’ ಎಂಬ ಹೆಸರಿನ ಈ ಪಿಕಪ್‌ಗೆ 1955ರಲ್ಲಿ ಪೇಟೆಂಟ್ ಅರ್ಜಿ ಹಾಕಲಾಯಿತು. ಲೆಸ್ ಪಾಲ್ ಗಿಟಾರಿಗೆ ಅದು ಬಂದದ್ದು 1957ರಲ್ಲಿ.

ಮರುವರ್ಷ, ಅಂದರೆ 1958ರಲ್ಲಿ, ಕಂಪನಿ ಚಿನ್ನದ ಬಣ್ಣವನ್ನು ಬಿಟ್ಟು ಅಂಚಿನಲ್ಲಿ ಕೆಂಪು, ನಡುವೆ ಹಳದಿಯಾಗಿ ಹರಡುವ ‘ಸನ್‌ಬರ್ಸ್ಟ್’ ಬಣ್ಣ ಹಚ್ಚಿತು. ಮಹಾಗನಿ ಒಡಲಿನ ಮೇಲೆ ಹೊದಿಸಿದ ಮೇಪಲ್ ಮರದ ಗೆರೆಗಳು ಆ ಬಣ್ಣದಡಿ ಹುಲಿಪಟ್ಟೆಯಂತೆ ಕಂಡವು. ಆದರೂ ಗಿರಾಕಿಗಳು ಬರಲಿಲ್ಲ. ಗಿಟಾರು ಭಾರ. ಬೆಲೆ ಸುಮಾರು 250 ಡಾಲರ್. ಅಂದಿನ ತರುಣರಿಗೆ ಫೆಂಡರ್ ಗಿಟಾರುಗಳ ಹಗುರ ಮೈಕಟ್ಟು ಹಿಡಿಸಿತ್ತು. 1958ರಿಂದ 1960ರವರೆಗೆ ತಯಾರಾದ ಸನ್‌ಬರ್ಸ್ಟ್‌ಗಳು ಎರಡು ಸಾವಿರಕ್ಕಿಂತ ಕಡಿಮೆ. 1961ರ ಹೊತ್ತಿಗೆ ಅದರ ಜಾಗದಲ್ಲಿ ತೆಳುವಾದ, ಎರಡು ಕೊಂಬುಗಳ ಹೊಸ ಮಾದರಿ ಬಂದಿತ್ತು.

ಸತ್ತ ಗಿಟಾರಿಗೆ ಜೀವ ಬಂದದ್ದು ಅಟ್ಲಾಂಟಿಕ್‌ನ ಆಚೆ, ಇಂಗ್ಲೆಂಡಿನಲ್ಲಿ. ಅಲ್ಲಿ ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತಕ್ಕೆ ಮನಸೋತ ತರುಣರು ಸೆಕೆಂಡ್‌ಹ್ಯಾಂಡ್ ಲೆಸ್ ಪಾಲ್‌ಗಳನ್ನು ಹುಡುಕಿ ಕೊಂಡರು. ಅವರಲ್ಲೊಬ್ಬರಾದ ಎರಿಕ್ ಕ್ಲಾಪ್ಟನ್, ಜಾನ್ ಮೇಯಲ್ ಅವರ ತಂಡದೊಡನೆ 1966ರಲ್ಲಿ ಹೊರತಂದ ಆಲ್ಬಮ್‌ನಲ್ಲಿ ಮಾರ್ಷಲ್ ಆಂಪ್ಲಿಫೈಯರಿನ ಧ್ವನಿಯನ್ನು ಪೂರ್ತಿ ಏರಿಸಿ ನುಡಿಸಿದರು. ಆಂಪ್ಲಿಫೈಯರಿನ ವಾಲ್ವುಗಳಿಗೆ ತಡೆಯಲಾರದಷ್ಟು ಸಂಕೇತ ಹರಿದಾಗ ನಾದ ಒಡೆದು ಒರಟಾಗುತ್ತದೆ, ಜೊತೆಗೆ ಒಂದು ಸ್ವರ ಬಹಳ ಹೊತ್ತು ನಿಲ್ಲುತ್ತದೆ. ಹಂಬಕರ್‌ನ ದಪ್ಪ ನಾದ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಲೆಸ್ ಪಾಲ್ ಅವರಿಗೆ ಬೇಕಾಗಿದ್ದದ್ದು ಶುಭ್ರವಾದ ನಾದ. ಅಂದಿನ ಧ್ವನಿಮುದ್ರಣ ತಂತ್ರಜ್ಞರ ದೃಷ್ಟಿಯಲ್ಲಿ ಈ ಒಡಕು ಒಂದು ದೋಷ. ಆ ದೋಷವೇ ರಾಕ್ ಸಂಗೀತದ ಧ್ವನಿಯಾಯಿತು. ಪೀಟರ್ ಗ್ರೀನ್, ಜಿಮ್ಮಿ ಪೇಜ್ ಅವರ ಕೈಯಲ್ಲೂ ಇದೇ ಗಿಟಾರು ಮೆರೆಯಿತು.

ಬೇಡಿಕೆ ಕಂಡು ಗಿಬ್ಸನ್ 1968ರಲ್ಲಿ ಲೆಸ್ ಪಾಲ್ ತಯಾರಿಕೆಯನ್ನು ಮತ್ತೆ ಆರಂಭಿಸಿತು. ಆದರೆ ಸ್ವಲ್ಪ ಸಮಯದಲ್ಲೇ ಕಂಪನಿಯ ಒಡೆತನ ಬದಲಾಯಿತು, ಗಿಟಾರು ಕೂಡ ಬದಲಾಯಿತು. 1970ರ ದಶಕದಲ್ಲಿ ಒಡಲನ್ನು ಮರದ ಪದರಗಳನ್ನು ಅಂಟಿಸಿ ಮಾಡಿದರು. ಕುತ್ತಿಗೆಗೆ ಒಂದೇ ಮರದ ಬದಲು ಮೂರು ತುಂಡು ಸೇರಿಸಿದರು. ಕುತ್ತಿಗೆ ಮುರಿಯುವುದನ್ನು ತಡೆಯಲು ಇದು ಒಳ್ಳೆಯ ಉಪಾಯವೇ ಆಗಿತ್ತು. ಆದರೆ ವಾದಕರಿಗೆ ಗಟ್ಟಿಮುಟ್ಟಾದ ಗಿಟಾರು ಬೇಕಿರಲಿಲ್ಲ, ಹಳೆಯ ಗಿಟಾರೇ ಬೇಕಿತ್ತು. 1984ರಲ್ಲಿ ಮಿಷಿಗನ್ ರಾಜ್ಯದ ಕಲಮಜೂ ಊರಿನ ಮೂಲ ಕಾರ್ಖಾನೆಗೆ ಬೀಗ ಬಿತ್ತು. ತಯಾರಿಕೆ ನ್ಯಾಶ್‌ವಿಲ್‌ಗೆ ಹೋಯಿತು. ಊರು ಬಿಡಲೊಪ್ಪದ ಕೆಲವು ಕುಶಲಕರ್ಮಿಗಳು ಮರುವರ್ಷ ಅದೇ ಕಟ್ಟಡದಲ್ಲಿ ‘ಹೆರಿಟೇಜ್’ ಹೆಸರಿನಲ್ಲಿ ತಮ್ಮದೇ ಗಿಟಾರು ಕಂಪನಿ ಕಟ್ಟಿದರು. ಹೆಸರು ಒಂದು ಊರಿಗೆ ಹೋಯಿತು, ಕೆಲಸ ಬಲ್ಲ ಕೈಗಳು ಇನ್ನೊಂದು ಊರಿನಲ್ಲಿ ಉಳಿದವು.

1986ರಲ್ಲಿ ಬಂದ ಹೊಸ ಮಾಲೀಕರಿಗೆ, ಕಂಪನಿಯ ದೊಡ್ಡ ಆಸ್ತಿ ಅದರ ಗತಕಾಲವೇ ಎಂಬುದು ತಿಳಿಯಿತು. 1993ರಿಂದ ಹಳೆಯ ಮಾದರಿಯನ್ನು ಚಾಚೂ ತಪ್ಪದೆ ಮರುಸೃಷ್ಟಿಸುವ ಸರಣಿ ಶುರುವಾಯಿತು. ಹಳೆಯ ಗಿಟಾರುಗಳ ಅಳತೆ ತೆಗೆದರು. ಪ್ರಾಣಿಗಳ ಚರ್ಮದಿಂದ ಮಾಡುವ ಹಳೆಯ ಕಾಲದ ಅಂಟು ಮುಂದೆ ಮತ್ತೆ ಬಳಕೆಗೆ ಬಂತು. ಬಿಸಿಲಿಗೆ ಮಾಸಿದ ಕೆಂಪನ್ನು ಹೊಸ ಬಣ್ಣದಲ್ಲಿ ತಂದರು. ಮುದಿತನವನ್ನೇ ಕಸುಬಾಗಿಸಿಕೊಂಡ ಟಾಮ್ ಮರ್ಫಿ ಅವರ ಹೆಸರಿನಲ್ಲಿ 2021ರಲ್ಲಿ ಗಿಬ್ಸನ್ ಒಂದು ಪ್ರತ್ಯೇಕ ವಿಭಾಗವನ್ನೇ ತೆರೆಯಿತು.

ಆದರೆ ಮರ ಮಾತ್ರ ಹಳೆಯದಾಗಿ ಸಿಗಲಿಲ್ಲ. 1959ರಲ್ಲಿ ಬೆರಳುಗಳು ಓಡಾಡುವ ಫ್ರೆಟ್‌ಬೋರ್ಡಿಗೆ ಬಳಸಿದ್ದು ಬ್ರೆಜಿಲ್‌ನ ರೋಸ್‌ವುಡ್. ಅಳಿವಿನಂಚಿಗೆ ಬಂದ ಆ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1992ರಲ್ಲಿ ಕಡಿವಾಣ ಬಿತ್ತು. ಅದರ ಬದಲಿಗೆ ಹೆಚ್ಚಾಗಿ ಬಂದದ್ದು ಭಾರತದ ರೋಸ್‌ವುಡ್, ಅಂದರೆ ನಮ್ಮ ಮಲೆನಾಡು, ಕೊಡಗುಗಳಲ್ಲೂ ಬೆಳೆಯುವ, ಮೈಸೂರಿನ ಕೆತ್ತನೆ ಕೆಲಸಕ್ಕೆ ಒದಗುವ ಬೀಟೆ. ಈ ನಂಟು ತಕರಾರಿಗೂ ಕಾರಣವಾಯಿತು. ಭಾರತದಿಂದ ತರಿಸಿದ ರೋಸ್‌ವುಡ್ ಮತ್ತು ಎಬನಿ ಪಟ್ಟಿಗಳು ರಫ್ತಿಗೆ ಅನುಮತಿ ಇಲ್ಲದ ಅರೆಸಿದ್ಧ ಮರ ಎಂಬ ಶಂಕೆಯ ಮೇಲೆ 2011ರ ಆಗಸ್ಟ್‌ನಲ್ಲಿ ಅಮೆರಿಕ ಸರಕಾರದ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳ ಮೇಲೆ ದಾಳಿ ನಡೆಸಿದರು. ಮಡಗಾಸ್ಕರ್‌ನ ಎಬನಿ ಮರಕ್ಕೆ ಸಂಬಂಧಿಸಿದ ಹಿಂದಿನ ಪ್ರಕರಣವೂ ಸೇರಿ 2012ರಲ್ಲಿ ರಾಜಿಯಾಯಿತು. ಗಿಬ್ಸನ್ 3 ಲಕ್ಷ ಡಾಲರ್ ದಂಡ ತೆತ್ತಿತು. ಗಿಟಾರನ್ನು ಮತ್ತೆ ಕಟ್ಟಬಹುದು, ಅದನ್ನು ಕೊಟ್ಟ ಕಾಡನ್ನು ಕಾರ್ಖಾನೆಯಲ್ಲಿ ಕಟ್ಟಲಾಗದು.

ಹಾಗಾದರೆ ಇಷ್ಟೆಲ್ಲ ಶ್ರಮಪಟ್ಟ ಮರುಸೃಷ್ಟಿಯಲ್ಲಿ ಹಳೆಯ ನಾದ ಬರುತ್ತದೆಯೇ? ಇದಕ್ಕೆ ಎರಡು ಗಿಟಾರುಗಳು ಉತ್ತರ ಹೇಳುತ್ತವೆ. ಪೀಟರ್ ಗ್ರೀನ್ ಅವರ ಲೆಸ್ ಪಾಲ್‌ನಲ್ಲಿ ಒಂದು ಪಿಕಪ್‌ನ ಅಯಸ್ಕಾಂತ ತಿರುವುಮುರುವಾಗಿತ್ತು. ಎರಡೂ ಪಿಕಪ್ ಒಟ್ಟಿಗೆ ನುಡಿದಾಗ ಅದರಿಂದ ಮೂಗಿನಲ್ಲಿ ಹಾಡಿದಂಥ ನಾದ ಹೊಮ್ಮುತ್ತಿತ್ತು. ಈಚಿನ ವರ್ಷಗಳಲ್ಲಿ ಗಿಬ್ಸನ್ ಆ ಗಿಟಾರಿನ ಮರುಸೃಷ್ಟಿಯನ್ನು ತಂದಾಗ ಆ ತಪ್ಪನ್ನೂ ಎಚ್ಚರಿಕೆಯಿಂದ ನಕಲು ಮಾಡಿತು.

ಎರಡನೆಯದು ಇನ್ನೂ ಸ್ವಾರಸ್ಯದ್ದು. 1987ರಲ್ಲಿ ‘ಗನ್ಸ್ ಎನ್ ರೋಸಸ್’ ತಂಡದ ಮೊದಲ ಆಲ್ಬಮ್ ಲೆಸ್ ಪಾಲ್ ಗಿಟಾರನ್ನು ಹೊಸ ತಲೆಮಾರಿಗೆ ಮತ್ತೆ ಪ್ರಿಯವಾಗಿಸಿತು. ಆದರೆ ಅದರಲ್ಲಿ ಸ್ಲ್ಯಾಶ್ ನುಡಿಸಿದ ಮುಖ್ಯ ಗಿಟಾರು ಗಿಬ್ಸನ್ ಮಾಡಿದ್ದೇ ಅಲ್ಲ! ಕ್ಯಾಲಿಫೋರ್ನಿಯಾದ ಕುಶಲಕರ್ಮಿ ಕ್ರಿಸ್ ಡೆರಿಗ್ 1959ರ ಮಾದರಿಯನ್ನು ನೋಡಿ ಕೈಯಾರೆ ಕಟ್ಟಿದ ನಕಲು ಅದು. 2010ರಲ್ಲಿ ಗಿಬ್ಸನ್ ಆ ನಕಲಿನಿಂದ ಪ್ರೇರಿತವಾದ ಮಾದರಿಯನ್ನೂ ಮಾರಾಟಕ್ಕಿಟ್ಟಿತು.

ಮೂಲ ಸನ್‌ಬರ್ಸ್ಟ್‌ಗಳು ಇಂದು ಲಕ್ಷಾಂತರ ಡಾಲರ್ ಬೆಲೆಗೆ ಕೈ ಬದಲಾಗುತ್ತವೆ. ಅವುಗಳಲ್ಲಿ ಎಷ್ಟೋ ಗಾಜಿನ ಪೆಟ್ಟಿಗೆ ಸೇರಿವೆ. ಮರುಸೃಷ್ಟಿಯಿಂದ ಆಗಿರುವ ದೊಡ್ಡ ಉಪಕಾರವೆಂದರೆ, ಅಂಥ ಗಿಟಾರನ್ನು ಎತ್ತಿಕೊಂಡು ವೇದಿಕೆ ಏರಿ ಬೆವರು ಹರಿಸಿ ನುಡಿಸಬಹುದು, ಕೆಳಗೆ ಬಿದ್ದರೂ ಎದೆ ಒಡೆಯಬೇಕಿಲ್ಲ. ಆ ಗಿಟಾರಿಗೆ ಬೆಲೆ ತಂದುಕೊಟ್ಟವರು ಕಾರ್ಖಾನೆಯವರಲ್ಲ. ತಯಾರಕರು ಬೇಡವೆಂದು ಬಿಟ್ಟದ್ದನ್ನು ಎತ್ತಿಕೊಂಡು, ಹೀಗೆ ನುಡಿಸಬಾರದು ಎಂದಂತೆಯೇ ನುಡಿಸಿದ ಹುಡುಗರು. ಮಾಸಿದ ಬಣ್ಣ, ಬಿರುಕು, ಗೀರುಗಳು ಅವರ ಆ ದುಡಿಮೆಯ ಗುರುತು. ಗುರುತನ್ನು ಹಣ ಕೊಟ್ಟು ಕೊಳ್ಳಬಹುದು, ದುಡಿಮೆಯನ್ನು ಮಾತ್ರ ಪ್ರತಿ ತಲೆಮಾರಿನ ಬೆರಳುಗಳೂ ಹೊಸದಾಗಿ ಮಾಡಬೇಕು.