ಬಿಸಿನೀರಿನ ಒಗೆತಕ್ಕೆ ಎಷ್ಟು ಕರೆಂಟು?

ಪ್ರಶ್ನೆ: ವಾಷಿಂಗ್ ಮೆಷಿನ್‌ನಲ್ಲಿ ಬಿಸಿನೀರಿನ ಬದಲು ತಣ್ಣೀರು ಬಳಸಿದರೆ ಕರೆಂಟ್ ಬಿಲ್ ನಿಜಕ್ಕೂ ಇಳಿಯುತ್ತದೆಯೇ?

ಉತ್ತರ: ಖಂಡಿತ. ಬಿಸಿನೀರಿನ ಒಗೆತದಲ್ಲಿ ಡ್ರಮ್ ತಿರುಗಿಸುವ ಮೋಟರಿಗಿಂತ ನೀರು ಕಾಯಿಸುವ ಹೀಟರೇ ಹೆಚ್ಚು ವಿದ್ಯುತ್ ನುಂಗುತ್ತದೆ. 15 ಲೀಟರ್ ನೀರನ್ನು 25ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 0.6 ಯೂನಿಟ್ ಬೇಕು. ದಿನಕ್ಕೊಮ್ಮೆ ಒಗೆದರೆ ತಿಂಗಳಿಗೆ 18 ಯೂನಿಟ್! 40 ಡಿಗ್ರಿಗೆ ಇಳಿಸಿದರೂ ಈ ಖರ್ಚು ಅರ್ಧಕ್ಕಿಂತ ಕೆಳಗೆ ಬರುತ್ತದೆ.

ಬಟ್ಟೆ ಕೊಳೆಯಾಗಿಯೇ ಉಳಿದೀತೆಂಬ ಅಂಜಿಕೆ ಬೇಡ. ಕಿಣ್ವಗಳಿರುವ ಡಿಟರ್ಜೆಂಟ್ ಬೆವರು, ಹಾಲು, ಗಂಜಿಯ ಕಲೆಗಳನ್ನು ಕಡಿಮೆ ಬಿಸಿಯಲ್ಲೂ ಬಿಡಿಸುತ್ತದೆ. ಅರಿಸಿನದ ಕಲೆಗೆ ಬಿಸಿಲೇ ಮದ್ದು. ಬೆಳಕಿಗೆ ಅದರ ಬಣ್ಣ ಮಾಸುತ್ತದೆ. ಕಾಯಿಲೆಯವರ ಹೊದಿಕೆ, ಜಿಡ್ಡು ಹಿಡಿದ ಅಡುಗೆಮನೆ ಬಟ್ಟೆಗಳಿಗಷ್ಟೇ ಬಿಸಿನೀರು ಸಾಕು.

ಕರ್ನಾಟಕ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ಫಲಾನುಭವಿಗಳಿಗಂತೂ ಈ ಲೆಕ್ಕ ಮುಖ್ಯ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಗಡಿಯಂಚಿನಲ್ಲಿರುವ ಮನೆಗೆ ಆ 18 ಯೂನಿಟ್ಟೇ ನಿರ್ಣಾಯಕ. ಜೊತೆಗೆ, ಎರಡು ಅರೆ ಲೋಡಿನ ಬದಲು ಒಂದು ತುಂಬು ಲೋಡ್ ಹಾಕಿ. ನೀರು, ಸೋಪು ಎರಡೂ ಉಳಿಯುತ್ತವೆ.