ಚಿಂತೆಗೂ ಒಂದು ಪೀರಿಯಡ್: ಹಿರೇನಲ್ಲೂರಿನ ಬೋಧನಾ ಅಭ್ಯಾಸದಿಂದ

ಹಿರೇನಲ್ಲೂರಿನ ಪ್ರೌಢಶಾಲೆಯೊಂದಕ್ಕೆ ಬೋಧನಾ ಅಭ್ಯಾಸಕ್ಕೆಂದು ಹೋದ ಮೊದಲ ವಾರ ನನಗೆ ಸರಿಯಾಗಿ ನಿದ್ರೆಯೇ ಬರಲಿಲ್ಲ. ಪಾಠಯೋಜನೆ ಬರೆದಾಗಿತ್ತು, ಚಾರ್ಟೂ ಸಿದ್ಧವಿತ್ತು. ಆದರೂ ರಾತ್ರಿ ಮೂರಕ್ಕೆ ಎಚ್ಚರವಾಗುತ್ತಿತ್ತು. ಬೆಳಗಿನ ಬಸ್ಸು ತಪ್ಪಿದರೆ? ಮಕ್ಕಳು ನಕ್ಕರೆ? ವೀಕ್ಷಣಾ ಹಾಳೆ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತ ಉಪನ್ಯಾಸಕರು ಪಾಠದ ನಡುವೆಯೇ ಎದ್ದು ಹೋದರೆ?

ಮೂರನೆಯ ದಿನ ಒಂಬತ್ತನೇ ತರಗತಿಗೆ ನ್ಯೂಟನ್ನನ ಎರಡನೆಯ ನಿಯಮ. ಕಪ್ಪು ಹಲಗೆಯ ಮೇಲೆ ‘ಬಲ = ದ್ರವ್ಯರಾಶಿ × ವೇಗ’ ಎಂದು ಬರೆದುಬಿಟ್ಟೆ. ಎರಡನೇ ಸಾಲಿನ ಹುಡುಗನೊಬ್ಬ ಎದ್ದು, “ವೇಗೋತ್ಕರ್ಷ ಅಲ್ವಾ?” ಎಂದ. ತಿದ್ದಿದೆ, ಪಾಠ ಮುಂದುವರಿಯಿತು. ಯಾರೂ ನಗಲಿಲ್ಲ. ಸಂಜೆ ಯೋಚಿಸಿದಾಗ ಹೊಳೆದದ್ದು ಇಷ್ಟು: ರಾತ್ರಿಯಿಡೀ ನಾನು ಹೆದರಿದ ಸಂಗತಿಗಳಲ್ಲಿ ಈ ತಪ್ಪು ಇರಲೇ ಇಲ್ಲ. ಕಳೆದುಕೊಂಡ ನಿದ್ರೆ ಯಾವುದನ್ನೂ ತಡೆದಿರಲಿಲ್ಲ. ಬಹುಶಃ ತಪ್ಪಾದದ್ದೇ ಆ ನಿದ್ರೆಗೇಡಿನಿಂದ.

ಚಿಂತನೆ, ಚಿಂತೆ ಎರಡೂ ಒಂದೇ ಬೇರಿನ ಪದಗಳು. ಚಿಂತನೆ ‘ಹಾಗಾದರೆ ಈಗ ಏನು ಮಾಡಲಿ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಚಿಂತೆಯದು ಗಾಣದೆತ್ತಿನ ನಡಿಗೆ. ಎಷ್ಟು ನಡೆದರೂ ಊರು ಬರುವುದಿಲ್ಲ. ‘ಅದನ್ನು ಯೋಚಿಸಲೇಬಾರದು’ ಎಂದು ಹಟ ತೊಟ್ಟರೂ ಪ್ರಯೋಜನವಿಲ್ಲ. ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿಸಿಕೊಂಡವರಿಗೆ ಅದೇ ಮತ್ತೆ ಮತ್ತೆ ನೆನಪಾಗುತ್ತಿತ್ತು ಎಂಬುದನ್ನು ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲೇ ತೋರಿಸಿದ್ದಾರೆ.

ನಮ್ಮ ಉಪನ್ಯಾಸಕರೊಬ್ಬರು ಬೇರೆ ದಾರಿ ಹೇಳಿದರು. ಅಮೆರಿಕದ ಮನೋವಿಜ್ಞಾನಿ ಥಾಮಸ್ ಬೋರ್ಕೋವೆಕ್ ಮತ್ತು ಸಹೋದ್ಯೋಗಿಗಳು 1983ರಲ್ಲಿ ಪ್ರಕಟಿಸಿದ ವಿಧಾನ ಅದು. ದಿನಕ್ಕೆ ಅರ್ಧ ಗಂಟೆ, ಅದೇ ಹೊತ್ತು, ಅದೇ ಜಾಗ. ಚಿಂತೆಗೆ ಅಷ್ಟೇ ಅವಕಾಶ. ಬೇರೆ ವೇಳೆಯಲ್ಲಿ ತಲೆ ಹಾಕಿದರೆ ಗುರುತಿಸಿ, ‘ಆಮೇಲೆ’ ಎಂದು ಮುಂದೂಡಿ ಕೈಯಲ್ಲಿದ್ದ ಕೆಲಸಕ್ಕೆ ಮರಳಬೇಕು. ಇದರ ತರ್ಕ ಸರಳ. ಹಾಸಿಗೆ, ಬಸ್ಸು, ತರಗತಿಯ ಬಾಗಿಲು ಎಲ್ಲವೂ ಚಿಂತೆಯನ್ನು ಎಬ್ಬಿಸುವ ಸೂಚನೆಗಳಾಗಿಬಿಟ್ಟಿರುತ್ತವೆ. ಅದನ್ನು ಒಂದೇ ಗೂಟಕ್ಕೆ ಕಟ್ಟಿದರೆ ಉಳಿದ ಜಾಗಗಳು ಬಿಡುಗಡೆಯಾಗುತ್ತವೆ.

ನಾನು ಸಂಜೆ ಐದೂವರೆಯಿಂದ ಆರು, ಬಾಡಿಗೆ ಕೋಣೆಯ ಜಗುಲಿ ಎಂದು ಗೊತ್ತುಮಾಡಿಕೊಂಡೆ. ಹಗಲು ಬಂದದ್ದನ್ನು ಹಳೆಯ ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲು ಗೀಚಿಡುತ್ತಿದ್ದೆ. ಸಂಜೆ ತೆರೆದರೆ ಅರ್ಧಕ್ಕರ್ಧ ಒಣಗಿಹೋಗಿರುತ್ತಿದ್ದವು. ಉಳಿದವುಗಳ ಮುಂದೆ ಮಾಡಬಹುದಾದ ಕೆಲಸ ಬರೆಯುತ್ತಿದ್ದೆ: ಸೂತ್ರವನ್ನು ಚೀಟಿಯಲ್ಲಿಟ್ಟುಕೊಳ್ಳುವುದು, ಹಿಂದಿನ ಬಸ್ಸು ಹಿಡಿಯುವುದು. ಮೊದಲ ರಾತ್ರಿಯೇ ನಿದ್ರೆ ಬಂತೆಂದು ಹೇಳಲಾರೆ. ಒಂದು ವಾರ ಹಿಡಿಯಿತು.

ಹುಮ್ಮಸ್ಸಿನಲ್ಲಿ ಮಕ್ಕಳಿಗೂ ಏನಾದರೂ ಮಾಡೋಣವೆನ್ನಿಸಿತು. ಪರೀಕ್ಷೆಗೆ ಮುನ್ನ ಹತ್ತು ನಿಮಿಷ ತಮ್ಮ ಆತಂಕವನ್ನು ಬರೆದ ವಿದ್ಯಾರ್ಥಿಗಳು, ಅದರಲ್ಲೂ ಹೆಚ್ಚು ಹೆದರುವವರು, ಉತ್ತಮವಾಗಿ ಉತ್ತರಿಸಿದರೆಂದು ರಾಮಿರೆಜ್ ಮತ್ತು ಬೈಲಾಕ್ 2011ರಲ್ಲಿ ವರದಿ ಮಾಡಿದ್ದರು. ಘಟಕ ಪರೀಕ್ಷೆಯ ದಿನ ಹಾಳೆ ಹಂಚಿ, ‘ಇದನ್ನು ನಾನು ಓದುವುದಿಲ್ಲ, ಹರಿದು ಹಾಕಿ’ ಎಂದೆ. ಹೆಚ್ಚಿನವರು ಖುಷಿಯಿಂದ ಹರಿದರು. ಒಬ್ಬಳು ಮಾತ್ರ ಕೊನೆಯಲ್ಲಿ ಬಂದು ಹಾಳೆಯನ್ನು ನನ್ನ ಕೈಗೇ ಕೊಟ್ಟಳು. ಒಂದೇ ಸಾಲು: ‘ಬೋರು ಬತ್ತಿದೆ, ಅಪ್ಪ ಮಾತಾಡ್ತಿಲ್ಲ.’

ಕಡೂರು ಸೀಮೆಯವರಿಗೆ ಈ ಸಾಲನ್ನು ವಿವರಿಸಬೇಕಿಲ್ಲ. ಬಾಬಾಬುಡನ್ ಗಿರಿಯ ಆಚೆ ಸುರಿದ ಮಳೆ ಈಚೆಗೆ ಬರುವಷ್ಟರಲ್ಲಿ ತೆಳುವಾಗಿರುತ್ತದೆ. ತೆಂಗು, ಅಡಿಕೆ ನಿಂತಿರುವುದು ಕೊಳವೆಬಾವಿಯ ನೀರಿನ ಮೇಲೆ. ಇದು ಸಂಜೆ ಐದೂವರೆಗೆ ಮುಂದೂಡುವ ಚಿಂತೆಯಲ್ಲ. ನನ್ನ ವಿಧಾನ ಇಲ್ಲಿ ಕೆಲಸಕ್ಕೆ ಬರುವುದಿಲ್ಲವೆಂದು ತಿಳಿಯಲು ಬೋಧನಾ ವಿಧಾನದ ಪುಸ್ತಕ ಬೇಕಿರಲಿಲ್ಲ.

ಅವಳನ್ನು ಕೇಳಿಕೊಂಡೇ ತರಗತಿ ಶಿಕ್ಷಕರಿಗೆ ವಿಷಯ ತಿಳಿಸಿದೆ. ಅವರಿಗೆ ಆ ಮನೆಯವರ ಪರಿಚಯವಿತ್ತು. ಅದೇ ಸಂಜೆ ಹೋಗಿ ಬಂದರು. ಮಾರನೆಯ ದಿನ ಹಲಗೆಯ ಮೂಲೆಯಲ್ಲಿ ಟೆಲಿ ಮಾನಸ್ ಸಂಖ್ಯೆ 14416 ಬರೆದು, ಇದು ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು, ದೊಡ್ಡವರೂ ಕರೆಯಬಹುದು ಎಂದು ಇಡೀ ತರಗತಿಗೆ ಹೇಳಿದೆ. ಅವಳ ಕಡೆ ನೋಡಲಿಲ್ಲ. ಎಲ್ಲರೊಂದಿಗೆ ಅವಳೂ ಸಂಖ್ಯೆಯನ್ನು ಪುಸ್ತಕದ ರಟ್ಟಿನ ಒಳಗೆ ಬರೆದುಕೊಂಡಳು. ಅಭ್ಯಾಸ ಮುಗಿಯುವವರೆಗೂ ಪಾಠದ ನಂತರ ಒಂದೆರಡು ನಿಮಿಷ ನನ್ನ ಮೇಜಿನ ಬಳಿ ನಿಲ್ಲುತ್ತಿದ್ದಳು, ಕೆಲವೊಮ್ಮೆ ಏನೂ ಹೇಳದೆ.