ಆಳುಗಳ ಕೊರತೆಯಿಂದ ಹುಟ್ಟಿದ ಯುದ್ಧನೌಕೆ

ಅಕ್ಕನನ್ನು ಮನೆಯಲ್ಲಿ ಉಳಿಸಿಕೊಂಡು ತಂಗಿಯ ಮದುವೆ ಮಾಡಿದಂತೆ ಶುರುವಾಯಿತು ಜಪಾನಿನ ಮೊಗಾಮಿ ವರ್ಗದ ಫ್ರಿಗೇಟುಗಳ ಚರಿತ್ರೆ. ವರ್ಗಕ್ಕೇ ಹೆಸರು ಕೊಟ್ಟ ‘ಮೊಗಾಮಿ’ ನಾಗಾಸಾಕಿಯಲ್ಲಿ ಸಿದ್ಧವಾಗುತ್ತಿದ್ದಾಗ ಗ್ಯಾಸ್ ಟರ್ಬೈನ್ ಕೈಕೊಟ್ಟಿತು. ಅಷ್ಟರಲ್ಲಿ ತಮಾನೊದ ಹಡಗುಕಟ್ಟೆಯಲ್ಲಿದ್ದ ಎರಡನೆಯ ನೌಕೆ ‘ಕುಮಾನೊ’ 2020ರ ನವೆಂಬರ್‌ನಲ್ಲಿ ನೀರಿಗಿಳಿಯಿತು, 2022ರ ಮಾರ್ಚ್‌ನಲ್ಲಿ ಸೇವೆಗೂ ಸೇರಿತು. ಮೊಗಾಮಿಯ ಸರದಿ ಬಂದದ್ದು ಏಪ್ರಿಲ್ ಕೊನೆಗೆ.

ಈ ಹಡಗಿನ ವಿನ್ಯಾಸವನ್ನು ತೀರ್ಮಾನಿಸಿದ್ದು ಜನರ ಕೊರತೆ. ಜನನ ಪ್ರಮಾಣ ಕುಸಿದ ಜಪಾನಿನಲ್ಲಿ ನೌಕಾಪಡೆಗೆ ಸೇರುವ ಯುವಕರು ಸಿಗುತ್ತಿರಲಿಲ್ಲ. ಆದ್ದರಿಂದ 133 ಮೀಟರ್ ಉದ್ದದ ನೌಕೆಯನ್ನು ಸುಮಾರು 90 ಮಂದಿಯೇ ನಡೆಸುವಂತೆ ಕಟ್ಟಿದರು. ಅದರ ಕಾರ್ಯಾಚರಣೆ ಕೊಠಡಿ ದುಂಡಗಿದೆ. ಗೋಡೆಯ ಸುತ್ತಲೂ ಪರದೆ. ಹೊರಗಿನ ಕ್ಯಾಮೆರಾಗಳಿಗೆ ಕಂಡ ಸಮುದ್ರ ಅದರ ಮೇಲೆ 360 ಡಿಗ್ರಿಯೂ ಮೂಡುತ್ತದೆ. ಅಲ್ಲಿ ಕೂತವರೇ ಎಂಜಿನ್ ನೋಡಿಕೊಳ್ಳುತ್ತಾರೆ, ಶತ್ರುವಿನ ಮೇಲೂ ಕಣ್ಣಿಡುತ್ತಾರೆ. ಮೊದಲು ಪ್ರತ್ಯೇಕ ಹಡಗುಗಳು ಮಾಡುತ್ತಿದ್ದ ಕಡಲಿನ ಮೈನ್ ಪತ್ತೆಯ ಕೆಲಸ ಈಗ ಮಾನವರಹಿತ ದೋಣಿಗಳ ಮೂಲಕ ಇದರದ್ದೇ ಹೊಣೆ. ಆಂಟೆನಾಗಳನ್ನೆಲ್ಲ ಒಂದೇ ಕಂಬದೊಳಗೆ ಅಡಗಿಸಿದ ಇದರ ‘ಯೂನಿಕಾರ್ನ್’ ವ್ಯವಸ್ಥೆಯ ಒಪ್ಪಂದಕ್ಕೆ ಭಾರತವೂ 2024ರ ನವೆಂಬರ್‌ನಲ್ಲಿ ಸಹಿ ಹಾಕಿದೆ. ಸಹ ಅಭಿವೃದ್ಧಿಯ ಕೆಲಸ ನಮ್ಮ ಬೆಂಗಳೂರಿನ ಬಿಇಎಲ್‌ನದು.

ಶಸ್ತ್ರ ರಫ್ತಿಗೆ ದಶಕಗಳ ಕಾಲ ಬಾಗಿಲು ಮುಚ್ಚಿದ್ದ ದೇಶ ಜಪಾನ್. 2014ರಲ್ಲಿ ನಿಯಮ ಸಡಿಲವಾಯಿತು. 2016ರಲ್ಲಿ ಆಸ್ಟ್ರೇಲಿಯಾದ ಜಲಾಂತರ್ಗಾಮಿ ಗುತ್ತಿಗೆ ಫ್ರಾನ್ಸಿನ ಪಾಲಾದಾಗ ಜಪಾನಿಗೆ ನಿರಾಸೆಯಾಯಿತು. 2025ರ ಆಗಸ್ಟ್ 5ರಂದು ಅದೇ ಆಸ್ಟ್ರೇಲಿಯಾ ಜರ್ಮನಿಯ ಮೆಕೊ ಎ-200 ಫ್ರಿಗೇಟನ್ನು ಬಿಟ್ಟು, ಸುಧಾರಿತ ಮೊಗಾಮಿಯನ್ನು ಆರಿಸಿತು. ಒಟ್ಟು 11 ನೌಕೆಗಳ ಯೋಜನೆ. ಮೊದಲ ಮೂರು ಜಪಾನಿನಲ್ಲಿ, ಉಳಿದವನ್ನು ಪಶ್ಚಿಮ ಆಸ್ಟ್ರೇಲಿಯಾದ ಹೆಂಡರ್ಸನ್‌ನಲ್ಲಿ ಕಟ್ಟುವ ಉದ್ದೇಶ. ನಾವಿಕರ ಕೊರತೆ ಆಸ್ಟ್ರೇಲಿಯಾಕ್ಕೂ ಇತ್ತು. ಜಪಾನಿನ ಉತ್ತರ ಅವರಿಗೂ ಹೊಂದಿತು.

ಆದರೆ ಈ ಸಂಭ್ರಮದಲ್ಲಿ ಮೆಲ್ಬರ್ನಿನ ವಿಲಿಯಮ್ಸ್‌ಟೌನ್ ಹಡಗುಕಟ್ಟೆಯನ್ನು ಯಾರೂ ನೆನೆಯದಿರುವುದು ನನಗೆ ಸಂಕಟ ತರುತ್ತದೆ. ಈಗ ನಿವೃತ್ತಿಯಾಗುತ್ತಿರುವ ಆನ್ಜಾಕ್ ವರ್ಗದ ಹತ್ತು ಫ್ರಿಗೇಟುಗಳನ್ನು, ಎಂಟು ಆಸ್ಟ್ರೇಲಿಯಾಕ್ಕೆ, ಎರಡು ನ್ಯೂಜಿಲೆಂಡಿಗೆ, ಕಟ್ಟಿದ್ದು ಅಲ್ಲಿನ ಕೈಗಳು. ಅವೂ ಜರ್ಮನಿಯ ಮೆಕೊ ವಿನ್ಯಾಸವೇ. ಎರವಲು ನಕ್ಷೆಯಿಂದ ಸ್ವಂತ ಕಸುಬು ಬೆಳೆದಿತ್ತು. ಆರ್ಡರ್‌ಗಳು ನಿಂತವು, ಬೆಸುಗೆಗಾರರು ಚದುರಿದರು. ಜಪಾನ್ ಮಾತ್ರ 2018ರಿಂದ ವರ್ಷಕ್ಕೆ ಎರಡರಂತೆ ಮೊಗಾಮಿಗಳಿಗೆ ಹಣ ಮೀಸಲಿಡುತ್ತ ತನ್ನ ಹಡಗುಕಟ್ಟೆಗಳನ್ನು ಬರಿದಾಗಲು ಬಿಡಲಿಲ್ಲ. ಹೆಂಡರ್ಸನ್‌ನ ಕೊನೆಯ ಹಡಗು ಮುಗಿಯುವ ಮೊದಲೇ ಅಲ್ಲಿಗೆ ಮುಂದಿನ ಕೆಲಸ ಬರಬೇಕು. ಇಲ್ಲವಾದರೆ ಇನ್ನೊಂದು ತಲೆಮಾರಿನ ಹಡಗಿಗಾಗಿ ಆಸ್ಟ್ರೇಲಿಯಾ ಮತ್ತೆ ಪರದೇಶದ ಬಾಗಿಲು ತಟ್ಟಬೇಕಾಗುತ್ತದೆ.